ದೋಣಿ ಬೇಡದ ಹವಳ: ಅಗ್ಗದ ಸ್ನಾರ್ಕೆಲಿಂಗ್ ಶುರುವಾಗುವುದು ಬೆಳಗಾವಿಯ ಈಜುಕೊಳದಲ್ಲಿ

ದೀಪಾವಳಿ ಮುಗಿದ ವಾರದಿಂದ ನನ್ನ ಫೋನಿಗೆ ಒಂದೇ ತರಹದ ಕರೆಗಳು ಬರತೊಡಗುತ್ತವೆ. "ಮೇಡಂ, ಡಿಸೆಂಬರ್‌ನಾಗ ಅಂಡಮಾನಕ್ಕ ಹೊಂಟೇವ್ರಿ. ಹದಿನೈದು ದಿನದಾಗ ಈಸು ಬರ್ತೈತೇನು?" ಬೆಳಗಾವಿಯಲ್ಲಿ ಹೆಣ್ಣುಮಕ್ಕಳಿಗೆ, ಚಿಕ್ಕ ಮಕ್ಕಳಿಗೆ ಈಜು ಕಲಿಸುವುದೇ ನನ್ನ ಉದ್ಯೋಗ. ಚಳಿಗಾಲದಲ್ಲಿ ಒಂದೆರಡು ಸಲ ನನ್ನ ಬ್ಯಾಚಿನ ಮನೆಮಂದಿಯ ಜೊತೆ ಸಮುದ್ರಕ್ಕೂ ಹೋಗುತ್ತೇನೆ. ಹಾಗಾಗಿ ಈ ಕರೆಗಳ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ಸ್ನಾರ್ಕೆಲಿಂಗ್, ಅಂದರೆ ಮಾಸ್ಕ್ ಮತ್ತು ಉಸಿರಾಟದ ನಳಿಗೆ ಹಾಕಿಕೊಂಡು ಮೇಲೆ ತೇಲುತ್ತ ನೀರೊಳಗಿನ ಹವಳ, ಮೀನು ನೋಡುವುದು, ಅಗ್ಗವಾಗಿ ಎಲ್ಲಿ ಸಿಗುತ್ತದೆ?

ಬೈಲಹೊಂಗಲದ ಕಡೆಯ ಒಂದು ಕುಟುಂಬ ಸ್ನಾರ್ಕೆಲಿಂಗ್‌ಗೆ ಹೋಗಿ ಬಂದ ಮೇಲೆ ನನ್ನ ಹತ್ತಿರ ಬಂದಿತ್ತು. ಐದು ಜನ. ದೋಣಿ, ಗೈಡ್, ಮಾಸ್ಕ್ ಬಾಡಿಗೆ, ಫೋಟೋ ಎಲ್ಲ ಸೇರಿಸಿ ಒಂದೇ ಬೆಳಗ್ಗೆಗೆ ದೊಡ್ಡ ಮೊತ್ತ ಕೊಟ್ಟಿದ್ದರು. ನೀರಿನಲ್ಲಿ ಇದ್ದದ್ದು ಒಬ್ಬೊಬ್ಬರು ಏಳೆಂಟು ನಿಮಿಷ. ತಾಯಿಗೆ ಮಾಸ್ಕಿನೊಳಗೆ ನೀರು ನುಗ್ಗಿ ಎರಡನೇ ನಿಮಿಷಕ್ಕೇ ಹೊರಗೆ ಬಂದಿದ್ದರು, ಮಗಳು ಹೆದರಿ ಇಳಿದೇ ಇರಲಿಲ್ಲ. ವರ್ಷಗಟ್ಟಲೆ ಕೂಡಿಟ್ಟು ಹೋದವರು ಅವರು. ಅವರ ಮುಖ ನೋಡಿ ನನಗೆ ಬಹಳ ಸಂಕಟವಾಯಿತು. ಯಾಕೆಂದರೆ ಅವರು ಕಳೆದುಕೊಂಡದ್ದನ್ನೆಲ್ಲ ಇಲ್ಲಿಯೇ, ಟಿಳಕವಾಡಿಯಿಂದ ಹತ್ತು ನಿಮಿಷದ ದಾರಿಯ ಈಜುಕೊಳದಲ್ಲಿ, ತಡೆಯಬಹುದಿತ್ತು.

ನಾನು ಕಂಡುಕೊಂಡಿರುವ ಲೆಕ್ಕ ಇಷ್ಟು. ಸ್ನಾರ್ಕೆಲಿಂಗ್‌ನಲ್ಲಿ ದುಡ್ಡು ಹೋಗುವುದು ದೋಣಿಗೆ. ಮೀನು ನೋಡಲಿಕ್ಕೆ ದುಡ್ಡಿಲ್ಲ, ನೀರಿಗೆ ದುಡ್ಡಿಲ್ಲ. ದಂಡೆಯಿಂದ ನಡೆದು ಇಳಿದರೆ ಹವಳ ಸಿಗುವಂಥ ಜಾಗ ಹುಡುಕಿದರೆ ಖರ್ಚಿನ ದೊಡ್ಡ ಭಾಗ ಅಲ್ಲಿಯೇ ಉಳಿಯಿತು. ಅಂಥ ಜಾಗದಲ್ಲಿ ಒಂದು ತಾಸು ಆರಾಮವಾಗಿ ತೇಲುವಷ್ಟು ಉಸಿರಿನ ಅಭ್ಯಾಸ ನಿಮಗಿದ್ದರೆ ಮಿಕ್ಕದ್ದೂ ಉಳಿಯಿತು. ಪ್ಯಾಕೇಜಿನ ದರದಲ್ಲಿ ಇನ್ನೂರು ರೂಪಾಯಿ ಚೌಕಾಶಿ ಮಾಡುವುದರಲ್ಲಿ ಅಂಥದ್ದೇನೂ ಉಳಿಯುವುದಿಲ್ಲ.

ತಿಳಿನೀರು ಎಲ್ಲಿರುತ್ತದೆ

ಜಾಗ ಆರಿಸುವ ಮೊದಲು ಹವಳ ಎಲ್ಲಿ ಬೆಳೆಯುತ್ತದೆ ಎಂದು ತಿಳಿದಿರಬೇಕು. ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ. ಅದು ಸಣ್ಣ ಸಣ್ಣ ಪ್ರಾಣಿಗಳ ದೊಡ್ಡ ವಸಾಹತು. ಆ ಪ್ರಾಣಿಯ ಮೈಯೊಳಗೆ ಸೂಕ್ಷ್ಮ ಪಾಚಿ ವಾಸ ಮಾಡುತ್ತದೆ. ಪಾಚಿ ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೂ ಕೊಡುತ್ತದೆ. ಅಂದರೆ ಬಿಸಿಲು ತಳದವರೆಗೆ ಇಳಿಯಬೇಕು, ನೀರು ತಿಳಿಯಾಗಿರಬೇಕು.

ಜುಲೈ-ಆಗಸ್ಟಿನಲ್ಲಿ ಕುಡಚಿಯ ಸೇತುವೆ ಮೇಲೆ ನಿಂತು ಕೃಷ್ಣೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಳೆ ತಂದ ಮಣ್ಣು ಎಲ್ಲಿ ಸಮುದ್ರ ಸೇರುತ್ತದೋ ಅಲ್ಲಿ ನೀರು ಕಲಕಿರುತ್ತದೆ. ನಮ್ಮ ಕರಾವಳಿಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಒಂದರ ಪಕ್ಕ ಒಂದು ಬಂದು ಕಡಲು ಸೇರುತ್ತವೆ. ಅದಕ್ಕೇ ದಂಡೆಯಲ್ಲಿ ನಿಂತರೆ ಮೊಣಕಾಲಿನ ಕೆಳಗಿನ ಪಾದ ಕಾಣುವುದಿಲ್ಲ. ಲಕ್ಷದ್ವೀಪದ 36 ದ್ವೀಪಗಳಲ್ಲಿ ಒಂದೂ ನದಿಯಿಲ್ಲ, ಅಲ್ಲಿಯ ಲಗೂನಿನ, ಅಂದರೆ ಹವಳದ ಗೋಡೆಯೊಳಗಿನ ಆಳವಿಲ್ಲದ ಕಡಲಿನ, ನೀರು ಗಾಜಿನ ಹಾಗಿದೆ. ನಕಾಶೆ ನೋಡುವಾಗ ನಾನು ಮೊದಲು ಹುಡುಕುವುದು ಇದನ್ನೇ: ಸುತ್ತ ನದಿಯ ಬಾಯಿ ಇದೆಯೇ, ಅಲೆಯನ್ನು ಹೊರಗೇ ತಡೆದು ನಿಲ್ಲಿಸುವ ಹವಳದ ಗೋಡೆ ಇದೆಯೇ, ಗಾಳಿಯ ಕಡೆಗೆ ಬೆನ್ನು ಮಾಡಿದ ದಂಡೆ ಇದೆಯೇ. ಉಪಗ್ರಹದ ನಕಾಶೆಯನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದರೆ ದಂಡೆಗೆ ಹತ್ತಿಕೊಂಡು ತಿಳಿ ಹಸಿರು ಪಟ್ಟಿ, ಅದರಾಚೆ ಕಂದು ಬಣ್ಣದ ಅಂಚು, ಆಮೇಲೆ ಕಡುನೀಲಿ ಕಾಣುತ್ತದೆ. ಆ ಕಂದು ಅಂಚೇ ಸಾಮಾನ್ಯವಾಗಿ ಹವಳದ ದಿಬ್ಬ. ಅದು ದಂಡೆಯಿಂದ ನೂರು ಮೀಟರ್ ಒಳಗಿದ್ದರೆ ದೋಣಿಯ ಮಾತೇ ಬೇಡ.

ಬೆಳಗಾವಿಗೆ ಹತ್ತಿರದ ಸಮುದ್ರದಿಂದ ಶುರು ಮಾಡುತ್ತೇನೆ. ಆಂಬೋಲಿ ಘಾಟ ಇಳಿದು, ಸಾವಂತವಾಡಿ, ಕುಡಾಳ ದಾಟಿದರೆ ಮಾಲ್ವಣ. ಬೆಳಗಿನ ಚಹಾ ಕುಡಿದು ಹೊರಟರೆ ಊಟದ ಹೊತ್ತಿಗೆ ಮುಂಚೆ ಅಲ್ಲಿರುತ್ತೀರಿ. ಶಿವಾಜಿ ಮಹಾರಾಜರು 1664ರಲ್ಲಿ ಕಟ್ಟಲು ಶುರು ಮಾಡಿದ ಸಿಂಧುದುರ್ಗ ಕೋಟೆಯ ಸುತ್ತಲಿನ ಬಂಡೆಗಳ ನಡುವೆ ಸ್ನಾರ್ಕೆಲಿಂಗ್ ಮಾಡಿಸುತ್ತಾರೆ. ದೋಣಿ ಬೇಕಾಗುತ್ತದೆ, ಆದರೆ ದೂರ ಕಡಿಮೆ, ದರವೂ ಕಡಿಮೆ. ಕೊಂಕಣದ ಹೊಳೆಗಳು ಹತ್ತಿರವಿರುವ ಕಾರಣ ನೀರು ಅಂಡಮಾನದಷ್ಟು ತಿಳಿಯಲ್ಲ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಚೆನ್ನಾಗಿರುತ್ತದೆ, ಮಳೆಗಾಲದಲ್ಲಿ ಬಂದ್. ನಾನು ಮಾಲ್ವಣಕ್ಕೆ ಹೋಗಿ ಎನ್ನುವುದು ಹವಳ ನೋಡಲಿಕ್ಕಲ್ಲ, ಉಪ್ಪುನೀರಿನ ಪರಿಚಯಕ್ಕೆ. ದೊಡ್ಡ ಪ್ರವಾಸಕ್ಕೆ ಮೊದಲು ಒಂದು ಶನಿವಾರ-ಭಾನುವಾರ ಅಲ್ಲಿ ಕಳೆದ ಮಂದಿ ಅಂಡಮಾನದಲ್ಲಿ ಹೆದರಿದ್ದನ್ನು ನಾನು ನೋಡಿಲ್ಲ. ಒಂದು ಮಾತು: ಮೀನು ಸೇರಿಸಲಿಕ್ಕೆ ನೀರಿಗೆ ಬ್ರೆಡ್ಡು ಚೂರು ಹಾಕುವವರು ಅಲ್ಲಿ ಸಿಗುತ್ತಾರೆ. ಬೇಡ ಎಂದು ಹೇಳಿ. ಬಂಡೆಯ ಮೇಲಿನ ಪಾಚಿ ತಿಂದು ಹವಳಕ್ಕೆ ಜಾಗ ಮಾಡಿಕೊಡಬೇಕಾದ ಮೀನು ಬ್ರೆಡ್ಡಿನ ರುಚಿ ಹತ್ತಿದರೆ ಆ ಕೆಲಸ ಬಿಡುತ್ತದೆ.

ಮುರುಡೇಶ್ವರದ ಎದುರಿನ ನೇತ್ರಾಣಿ ನಮ್ಮದೇ ರಾಜ್ಯದ್ದು. ಒಳ್ಳೆಯ ಜಾಗ, ಆದರೆ ಮೊದಲ ಸಲದವರಿಗೆ ಅಲ್ಲ. ದಂಡೆಯಿಂದ ಸುಮಾರು 19 ಕಿಲೋಮೀಟರ್ ತೆರೆದ ಸಮುದ್ರದಲ್ಲಿ ಹೋಗಬೇಕು, ವಾಂತಿಯಾಗುವವರಿಗೆ ಅದೇ ಸಾಕಾಗುತ್ತದೆ. ಇಳಿಯುವುದೂ ದೋಣಿಯಿಂದ ನೇರ ಆಳದ ನೀರಿಗೆ.

ಅಂಡಮಾನ: ಎಲ್ಲಿ ನಡೆದು ಇಳಿಯಬೇಕು, ಎಲ್ಲಿ ದೋಣಿಗೆ ಕೊಡಬೇಕು

ನಮ್ಮ ಕಡೆಯವರು ಹೆಚ್ಚಾಗಿ ಹೋಗುವುದು ಅಂಡಮಾನಕ್ಕೆ. ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯಿತು. ಕಳೆದ ಸಲ ನಮ್ಮ ಜೊತೆ ಬಂದಿದ್ದ ವಿಜಯಪುರದ ಒಬ್ಬ ಅಜ್ಜಿ, ತಮ್ಮೂರು ಬಿಜಾಪುರದಿಂದ ವಿಜಯಪುರವಾದದ್ದನ್ನು ಕಂಡವರು, ವಿಮಾನದ ಚೀಟಿ ನೋಡಿ ಖುಷಿಪಟ್ಟಿದ್ದರು. ಚೀಟಿ, ಹೋಟೆಲು, ಹಡಗು ಬುಕ್ ಮಾಡುವಾಗ ಹಳೆಯದು ಹೊಸದು ಎರಡೂ ಹೆಸರು ಕಾಣಸಿಗುತ್ತವೆ, ಬೇರೆ ಬೇರೆ ಊರು ಎಂದುಕೊಂಡು ದಿನ ಹೆಚ್ಚಿಸಬೇಡಿ.

ಬಜೆಟ್ಟಿನವರಿಗೆ ನನ್ನ ಮೊದಲ ಆಯ್ಕೆ ಶಹೀದ್ ದ್ವೀಪ. ಚಿಕ್ಕ ದ್ವೀಪ. ಗದ್ದೆ, ತರಕಾರಿ ತೋಟ, ಅಡಿಕೆ-ತೆಂಗು. ಬಾಡಿಗೆ ಸೈಕಲ್ಲಿನಲ್ಲಿ ಅರ್ಧ ದಿನಕ್ಕೆ ಸುತ್ತಿ ಬರಬಹುದು. ಅಲ್ಲಿಯ ಭರತಪುರ ಕಡಲತೀರ ಹಡಗುಕಟ್ಟೆಗೆ ಹತ್ತಿಕೊಂಡೇ ಇದೆ. ಬಿಳಿ ಮರಳು, ಅದರಾಚೆ ಸೊಂಟಮಟ್ಟದ ಲಗೂನು, ಅದರಾಚೆ ಹವಳ. ನಡೆದೇ ಇಳಿಯಬಹುದು. ಅಲ್ಲಿ ಜೆಟ್ ಸ್ಕೀ, ಗಾಜಿನ ತಳದ ದೋಣಿಗಳು ಓಡಾಡುತ್ತವೆ. ಆದ್ದರಿಂದ ಬೆಳಗ್ಗೆ ಅವು ಶುರುವಾಗುವ ಮೊದಲೇ ನೀರಿನಲ್ಲಿರಿ, ಅವುಗಳ ದಾರಿಗೆ ಅಡ್ಡ ಹೋಗಬೇಡಿ, ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ ಹಾಕಿ. ಈಜು ಬಾರದವರು ಅಲ್ಲಿಯ ಗೈಡ್‌ಗೆ ದುಡ್ಡು ಕೊಡಲೇಬೇಕು. ಆ ಖರ್ಚಿನಲ್ಲಿ ಉಳಿತಾಯ ಹುಡುಕಬೇಡಿ. ದೋಣಿಯ ದುಡ್ಡು ಉಳಿಸಿದ್ದೇ ಇದಕ್ಕೆ.

ಸ್ವರಾಜ್ ದ್ವೀಪದಲ್ಲಿ ಎಲ್ಲರೂ ಹೋಗುವುದು ಎಲಿಫಂಟ್ ಬೀಚ್‌ಗೆ. ಹವಳ ದಂಡೆಯ ಹತ್ತಿರವೇ ಇದೆ, ನೀರೂ ಚೆನ್ನ. ಆದರೆ ಅಲ್ಲಿಗೆ ರಸ್ತೆಯಿಲ್ಲ. ದೋಣಿಯಲ್ಲಿ ಹೋಗಬೇಕು, ಇಲ್ಲವೇ ಕಾಡಿನ ಕಾಲುದಾರಿ ಹಿಡಿಯಬೇಕು. ಕಾಲುದಾರಿ ಆ ದಿನ ತೆರೆದಿದೆಯೇ, ಗೈಡ್ ಕಡ್ಡಾಯವೇ ಎಂಬುದನ್ನು ಅರಣ್ಯ ಇಲಾಖೆಯವರನ್ನೇ ಕೇಳಿ. ದೋಣಿಯವರಲ್ಲಿ "ಸ್ನಾರ್ಕೆಲಿಂಗ್ ಫ್ರೀ" ಎಂಬ ಮಾತು ಕೇಳಿಬರುತ್ತದೆ. ಎಷ್ಟು ನಿಮಿಷ ಎಂದು ಅಲ್ಲಿಯೇ ಕೇಳಿ. ಮಾಸ್ಕ್ ನಿಮ್ಮದೇ ಇದ್ದು, ನಿಮಗೆ ಈಜು ಬರುವುದಾದರೆ ಬರೀ ದೋಣಿಯ ದರ ಕೊಟ್ಟು, ಜೀವರಕ್ಷಕರು ತೋರಿಸಿದ ಗಡಿಯೊಳಗೆ ಇಡೀ ಬೆಳಗ್ಗೆ ತೇಲಬಹುದು.

ಒಂದೇ ಒಂದು ದೋಣಿಗೆ ದುಡ್ಡು ಕೊಡುವುದಾದರೆ ಅದು ಶ್ರೀ ವಿಜಯ ಪುರಂ ಹತ್ತಿರದ ವಂಡೂರಿನಿಂದ ಹೊರಡುವ ದೋಣಿಯಾಗಿರಲಿ ಎಂದು ನಾನು ಒತ್ತಿ ಹೇಳುತ್ತೇನೆ. ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ 1983ರಿಂದ ಇದೆ. ಅದರೊಳಗಿನ ಜಾಲಿಬಾಯ್ ಮತ್ತು ರೆಡ್‌ಸ್ಕಿನ್ ದ್ವೀಪಗಳನ್ನು ಸರದಿಯಂತೆ ತೆರೆಯುತ್ತಾರೆ, ಒಂದು ತೆರೆದಾಗ ಇನ್ನೊಂದಕ್ಕೆ ವಿಶ್ರಾಂತಿ. ಮೊದಲೇ ಪರವಾನಗಿ ಮಾಡಿಸಬೇಕು. ಪ್ಲಾಸ್ಟಿಕ್ ಒಯ್ಯುವ ಹಾಗಿಲ್ಲ. ಮನೆಯಿಂದಲೇ ಸ್ಟೀಲ್ ಬಾಟ್ಲಿ, ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋಗಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದ ನಮ್ಮವರಿಗೆ ಅಲ್ಲಿ ಏನೂ ತೊಂದರೆಯಾಗಲಿಲ್ಲ. ಜನರ ಕಾಲು ಬೀಳದಿದ್ದರೆ ಹವಳ ಹೇಗಿರುತ್ತದೆ ಎಂಬುದು ಅಲ್ಲಿ ಕಾಣುತ್ತದೆ.

ದ್ವೀಪದಿಂದ ದ್ವೀಪಕ್ಕೆ ಹೋಗುವಾಗ ಸರ್ಕಾರಿ ಹಡಗು ಖಾಸಗಿಯದ್ದಕ್ಕಿಂತ ಬಹಳ ಅಗ್ಗ. ಸೀಟು ಸಿಗುವುದು ಕಷ್ಟ, ಹೊತ್ತೂ ಹೆಚ್ಚು ಹಿಡಿಯುತ್ತದೆ. ಚಿಕ್ಕ ಮಕ್ಕಳಿದ್ದರೆ ಖಾಸಗಿ ಹಡಗೇ ಸರಿ. ದೊಡ್ಡವರೇ ಇದ್ದರೆ ಉಳಿದ ದುಡ್ಡಿನಲ್ಲಿ ಇನ್ನೊಂದು ದಿನ ಶಹೀದ್ ದ್ವೀಪದಲ್ಲಿ ಇರಬಹುದು.

ಮೊಸಳೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ಅಂಡಮಾನದಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಸ್ವರಾಜ್ ದ್ವೀಪದ ರಾಧಾನಗರದ ಹತ್ತಿರ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಒಬ್ಬ ಪ್ರವಾಸಿಯ ಜೀವ ಹೋಗಿದೆ. ತೊರೆ ಬಂದು ಸಮುದ್ರ ಸೇರುವ ಜಾಗ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚು, ಸಂಜೆಯ ಕತ್ತಲು, ಈ ಮೂರನ್ನೂ ಬಿಡಿ. ಎಚ್ಚರಿಕೆಯ ಫಲಕ ಇರುವಲ್ಲಿ "ಇಷ್ಟು ದೂರ ಬಂದೇವಿ" ಎಂಬ ಕಾರಣಕ್ಕೆ ಇಳಿಯಬೇಡಿ. ಫಲಕ ಇಲ್ಲದ ಖಾಲಿ ದಂಡೆಯಲ್ಲಿ ಊರವರನ್ನು ಕೇಳದೆ ಇಳಿಯಬೇಡಿ.

ಪಾಸ್‌ಪೋರ್ಟ್ ಇದ್ದವರಿಗೆ ಎರಡು ಮಾತು. ಮಾಲ್ದೀವ್ಸ್ ಎಂದರೆ ಶ್ರೀಮಂತರದ್ದು ಎಂಬ ಭಾವನೆ ಇದೆ. ಆದರೆ 2009ರ ನಂತರ ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹಗಳು ಬಂದಿವೆ. ಮಾಫುಶಿ, ರಸ್ಧೂ, ಧಿಗುರಾ ಅಂಥವು. ಊರಿನ ದಂಡೆಯಿಂದಲೇ ಇಳಿಯಬಹುದಾದ ಹವಳದ ದಿಬ್ಬ ಅಲ್ಲಿ ಸಿಗುತ್ತದೆ. ಅವು ಸಂಪ್ರದಾಯಸ್ಥ ಮುಸ್ಲಿಂ ಊರುಗಳು, ಮೈತುಂಬ ಬಟ್ಟೆ ಹಾಕಿ ಈಜುವ ನಮ್ಮ ಹೆಣ್ಣುಮಕ್ಕಳಿಗೆ ಅಲ್ಲಿ ಇರುಸುಮುರುಸಾಗುವುದಿಲ್ಲ. ಬಾಲಿಯ ತುಲಂಬೆನ್‌ನಲ್ಲಿ ದಂಡೆಯಿಂದ ಕೆಲವೇ ಮೀಟರ್ ದೂರದಲ್ಲಿ ಲಿಬರ್ಟಿ ಎಂಬ ಅಮೆರಿಕದ ಹಡಗು ಮುಳುಗಿದೆ. 1942ರಲ್ಲಿ ಟಾರ್ಪೆಡೊ ಹೊಡೆತ ತಿಂದು ದಂಡೆ ಸೇರಿದ್ದ ಹಡಗು 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ನೀರಿಗೆ ಜಾರಿತು. ಅದರ ಮೇಲ್ಭಾಗ ಸ್ನಾರ್ಕೆಲ್ ಹಾಕಿದವರಿಗೂ ಕಾಣುವಷ್ಟು ಮೇಲಿದೆ, ಈಗ ಪೂರ್ತಿ ಹವಳ ಹತ್ತಿದೆ. ಇದಕ್ಕೂ ದೋಣಿ ಬೇಡ. ಉರುಟು ಕಲ್ಲಿನ ದಂಡೆ, ಚಪ್ಪಲಿ ಬೇಕು.

ಗೋಡೆಯ ಪಂಚಾಂಗವೇ ಸಮುದ್ರದ ಗಡಿಯಾರ

ಒಳ್ಳೆಯ ಜಾಗಕ್ಕೆ ಹೋಗಿ ಏನೂ ಕಾಣದೆ ಬಂದವರಲ್ಲಿ ಹೆಚ್ಚಿನವರು ತಪ್ಪಿದ್ದು ಹೊತ್ತಿನಲ್ಲಿ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ 12 ಗಂಟೆ 25 ನಿಮಿಷ. ಹಾಗಾಗಿ ದಿನವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಗ್ಗೆ ಒಂಬತ್ತಕ್ಕೆ ನೀರು ತುಂಬಿದ್ದ ದಂಡೆ ಒಂದು ವಾರದ ನಂತರ ಅದೇ ಹೊತ್ತಿಗೆ ಬರಿದಾಗಿರುತ್ತದೆ. ದಂಡೆಯಿಂದ ನಡೆದು ಇಳಿಯುವ ಜಾಗಗಳಲ್ಲಿ ಇದು ಬಹಳ ಮುಖ್ಯ. ಇಳಿತದಲ್ಲಿ ಹೋದರೆ ಹವಳದ ಮೇಲೆ ಹೊಟ್ಟೆ ಉಜ್ಜುವಷ್ಟೇ ನೀರಿರುತ್ತದೆ. ನಿಮಗೂ ಗಾಯ, ಹವಳಕ್ಕೂ ಗಾಯ. ನೀರು ತುಂಬುವ ಹೊತ್ತಿಗೆ ಒಂದು ತಾಸು ಮೊದಲು ಇಳಿದು, ತುಂಬಿದ ಮೇಲೆ ಅರ್ಧ ತಾಸಿನೊಳಗೆ ಮೇಲೆ ಬರುವುದು ನಮ್ಮ ಪದ್ಧತಿ.

ತಿಥಿ ನೋಡುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬಂದು ಸೆಳೆತ ಕೂಡುತ್ತದೆ. ನೀರು ಬಹಳ ಏರುತ್ತದೆ, ಬಹಳ ಇಳಿಯುತ್ತದೆ. ಅದೇ ಆರು ತಾಸಿನಲ್ಲಿ ಹೆಚ್ಚು ನೀರು ಓಡಾಡಬೇಕಾದ್ದರಿಂದ ಸೆಳವು ಜೋರಾಗಿರುತ್ತದೆ. ಅಷ್ಟಮಿಯ ಹೊತ್ತಿಗೆ ಸೂರ್ಯ ಒಂದು ಕಡೆ, ಚಂದ್ರ ಇನ್ನೊಂದು ಕಡೆ ಎಳೆದು ಏರಿಳಿತ ಕಡಿಮೆಯಾಗುತ್ತದೆ. ಪರಿಣಾಮ ಒಂದೆರಡು ದಿನ ತಡವಾಗಿ ಕಾಣುವುದರಿಂದ ಅಷ್ಟಮಿಯಿಂದ ದಶಮಿಯವರೆಗಿನ ದಿನಗಳು ಹೊಸಬರಿಗೆ ಒಳ್ಳೆಯವು. ರಜೆಯ ದಿನಾಂಕ ಬದಲಾಯಿಸಲು ಬರುವಂತಿದ್ದರೆ ಟಿಕೆಟ್ ತೆಗೆಯುವ ಮೊದಲು ಅಡುಗೆಮನೆಯ ಕ್ಯಾಲೆಂಡರ್ ನೋಡಿ. ಗಂಟೆಯ ಲೆಕ್ಕಕ್ಕೆ ಮಾತ್ರ ಆ ಊರಿನ ಉಬ್ಬರ-ಇಳಿತದ ಪಟ್ಟಿ ಬೇಕು, ಫೋನಿನಲ್ಲಿ ಸಿಗುತ್ತದೆ.

ಅಮಾವಾಸ್ಯೆ-ಹುಣ್ಣಿಮೆಗೇ ನಿಮ್ಮ ರಜೆ ಬಿದ್ದಿದ್ದರೆ ಬೇರೆ ಒಂದು ಲಾಭ ಇದೆ. ಶಹೀದ್ ದ್ವೀಪದ ಲಕ್ಷ್ಮಣಪುರದಲ್ಲಿ ಕಲ್ಲಿನ ಸಹಜ ಕಮಾನು ಇದೆ. ದೊಡ್ಡ ಇಳಿತದಲ್ಲಿ ಅಲ್ಲಿಯ ಬಂಡೆಗಳ ನಡುವೆ ಪುಟ್ಟ ಪುಟ್ಟ ಹೊಂಡಗಳು ಉಳಿಯುತ್ತವೆ. ಅವುಗಳಲ್ಲಿ ಜೀವಂತ ಹವಳ, ಸಮುದ್ರಸೌತೆ, ಸಣ್ಣ ಮೀನು, ಏಡಿ ಎಲ್ಲ ಕಾಣುತ್ತವೆ. ಮೊಣಕಾಲು ನೋವಿನ ಅಜ್ಜ-ಅಜ್ಜಿ, ನೀರಿಗಿಳಿಯಲು ಮನಸ್ಸಿಲ್ಲದವರು, ಎಲ್ಲರಿಗೂ ಇದು ಪುಕ್ಕಟೆ ಸಿಗುವ ಸಮುದ್ರ. ಬರಿ ಕಲ್ಲು, ಮರಳಿನ ಮೇಲಷ್ಟೇ ಹೆಜ್ಜೆಯಿಟ್ಟು ನಡೆಯಬೇಕು. ಇಳಿತಕ್ಕೆ ಲಕ್ಷ್ಮಣಪುರ, ಸುಮಾರು ಆರು ತಾಸಿನ ನಂತರ ಉಬ್ಬರಕ್ಕೆ ಭರತಪುರ, ನಡುವೆ ಊಟ. ಈಜು ಪಕ್ಕಾ ಇದ್ದವರ ಜೊತೆ ನಾನು ಹೀಗೆ ಮಾಡಿದ್ದೇನೆ.

ಇಳಿಯುವ ಮೊದಲು ಒಂದು ಒಣ ಎಲೆಯನ್ನೋ ತೆಂಗಿನ ಸಿಪ್ಪೆಯನ್ನೋ ನೀರಿಗೆ ಎಸೆದು ಐದು ನಿಮಿಷ ನೋಡುತ್ತೇನೆ. ಅದು ಯಾವ ಕಡೆ ಹೋಗುತ್ತದೋ ಅದರ ವಿರುದ್ಧ ದಿಕ್ಕಿನಲ್ಲಿ ಈಜು ಶುರು ಮಾಡಬೇಕು. ದಣಿದ ಮೇಲೆ ಸೆಳವೇ ಮರಳಿ ತರುತ್ತದೆ. ಎಲೆ ನಿಮ್ಮ ನಡಿಗೆಯಷ್ಟು ವೇಗವಾಗಿ ಹೋದರೆ ಆ ದಿನ ಇಳಿಯಬೇಡಿ.

ಮಾಸ್ಕ್, ನಳಿಗೆ, ಉಸಿರು

ಈಗ ನನ್ನ ಕಸುಬಿನ ಮಾತು. ನಾನು ಈಜು ಕಲಿತದ್ದು ಘಟಪ್ರಭೆಯ ದಂಡೆಯ ಅಜ್ಜಿಯ ಊರಿನಲ್ಲಿ, ತೋಟದ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು. ಹಾಗೆ ಕಲಿತ ನಮ್ಮ ಕಡೆಯ ಮಂದಿಗೆಲ್ಲ ಒಂದು ರೂಢಿ: ತಲೆ ಮೇಲೆತ್ತಿ ಈಸುವುದು. ಸ್ನಾರ್ಕೆಲಿಂಗ್‌ನಲ್ಲಿ ಇದು ಉಲ್ಟಾ. ಮುಖ ನೀರಿನಲ್ಲಿ, ಮೈ ಸಡಿಲ, ಕಾಲಷ್ಟೇ ನಿಧಾನ. ಹೊಳೆಯಲ್ಲಿ ದಾಟಿ ಬರುವ ಗಟ್ಟಿ ಈಜುಗಾರರೂ ಮಾಸ್ಕ್ ಹಾಕಿದ ಕೂಡಲೇ ಗಾಬರಿಯಾದದ್ದನ್ನು ನೋಡಿದ್ದೇನೆ. ಈಜು ಬಂದರೆ ಸಾಲದು, ಮುಖ ಮುಳುಗಿರುವಾಗ ಬಾಯಿಂದ ಉಸಿರಾಡಲು ಮನಸ್ಸು ಒಪ್ಪಬೇಕು.

ಬಾಡಿಗೆಯ ಮಾಸ್ಕ್ ಬಿಟ್ಟು ನಿಮ್ಮದೇ ಒಂದು ಕೊಳ್ಳಿ. ಸಾವಿರ, ಎರಡು ಸಾವಿರದೊಳಗೆ ಒಳ್ಳೆಯದು ಬರುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರು ಎಳೆದು ಕೈ ಬಿಡಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮ ಮುಖದ್ದು. ಗಾಜಿನ ಮೇಲೆ ಟೆಂಪರ್ಡ್ (ಕಾಯಿಸಿ ಗಟ್ಟಿ ಮಾಡಿದ ಗಾಜು) ಎಂಬ ಗುರುತು ಇರಲಿ. ಮೂಗು ಮುಚ್ಚದ ಈಜಿನ ಕನ್ನಡಕ ಇದಕ್ಕೆ ಆಗುವುದಿಲ್ಲ. ದಪ್ಪ ಮೀಸೆಯ ಗಂಡಸರು ನಮ್ಮಲ್ಲಿ ಬಹಳ. ಮಾಸ್ಕಿನ ಅಂಚು ಮೀಸೆಯ ಮೇಲೆ ಕೂತು ಅಲ್ಲಿಂದಲೇ ನೀರು ಸೋರುತ್ತದೆ. ಪೂರ್ತಿ ಬೋಳಿಸಬೇಕಿಲ್ಲ, ಮೂಗಿನ ಕೆಳಗಿನ ಒಂದು ಬೆರಳಗಲ ಕತ್ತರಿಸಿ ಸ್ವಲ್ಪ ಸಿಲಿಕೋನ್ ಗ್ರೀಸ್ ಹಚ್ಚಿದರೆ ಸಾಕು. ದೂರದ್ದು ಸರಿಯಾಗಿ ಕಾಣದವರಿಗೆ ನಂಬರಿನ ಗಾಜಿನ ಮಾಸ್ಕ್ ಸಿಗುತ್ತವೆ. ಕನ್ನಡಕ ತೆಗೆದಿಟ್ಟು ಇಳಿದು, ಎಲ್ಲ ಮಸುಕಾಗಿ ಕಂಡು ಬಂದವರಿಗೆ ಈ ವಿಷಯವೇ ಗೊತ್ತಿರಲಿಲ್ಲ.

ಬರಿಗಣ್ಣಿಗೆ ನೀರೊಳಗೆ ಯಾಕೆ ಮಸುಕು ಎಂದು ಮಕ್ಕಳು ಕೇಳುತ್ತಾರೆ. ಗಾಳಿಯಿಂದ ಕಣ್ಣಿಗೆ ಬರುವಾಗ ಬೆಳಕು ಚೆನ್ನಾಗಿ ಬಾಗುತ್ತದೆ, ನೀರಿನಿಂದ ಬರುವಾಗ ಅಷ್ಟು ಬಾಗುವುದಿಲ್ಲ. ಮಾಸ್ಕ್ ಕಣ್ಣಿನ ಮುಂದೆ ಗಾಳಿಯ ಒಂದು ಪದರ ಇಡುತ್ತದೆ. ಆಗ ಎಲ್ಲ ಸ್ಪಷ್ಟ, ಆದರೆ ಮೂರನೇ ಒಂದು ಪಾಲು ದೊಡ್ಡದಾಗಿ, ಕಾಲು ಪಾಲು ಹತ್ತಿರವಾಗಿ ಕಾಣುತ್ತದೆ. ಮುಕ್ಕಾಲು ಗೇಣಿನ ಮೀನನ್ನು ಗೇಣುದ್ದ ಎಂದು ಹೇಳುವ ಮಕ್ಕಳು ಸುಳ್ಳು ಹೇಳುತ್ತಿಲ್ಲ.

ನಳಿಗೆ ಇನ್ನೂ ಉದ್ದ ಇದ್ದರೆ ಆಳಕ್ಕೆ ಹೋಗಬಹುದಲ್ಲ ಎಂಬುದು ಅವರ ಮುಂದಿನ ಪ್ರಶ್ನೆ. ಆಗುವುದಿಲ್ಲ. ಒಂದು ಮೀಟರ್ ಆಳಕ್ಕೆ ಹೋದರೂ ನೀರು ಎದೆಯನ್ನು ಒತ್ತುವ ಜೋರಿಗೆ ಮೇಲಿನ ಗಾಳಿಯನ್ನು ಎಳೆದುಕೊಳ್ಳಲು ನಮ್ಮ ಪಕ್ಕೆಲುಬಿನ ಸ್ನಾಯುಗಳಿಗೆ ಶಕ್ತಿ ಸಾಲದು. ಜೊತೆಗೆ ನಾವು ಬಿಟ್ಟ ಉಸಿರು ನಳಿಗೆಯಲ್ಲೇ ಉಳಿದು ಮತ್ತೆ ಒಳಗೆ ಬರುತ್ತದೆ. ಅದಕ್ಕೇ ನಳಿಗೆ ಒಂದೂವರೆ ಗೇಣು ಮಾತ್ರ. ಅದರಲ್ಲೂ ಚಿಕ್ಕ ಚಿಕ್ಕ ಉಸಿರು ತೆಗೆದುಕೊಂಡರೆ ಹಳೆಯ ಗಾಳಿಯನ್ನೇ ಕುಡಿದಂತಾಗಿ ಎದೆ ಬಿಗಿಯುತ್ತದೆ, ಗಾಬರಿ ಹುಟ್ಟುತ್ತದೆ. ನಿಧಾನ, ಆಳ, ಪೂರ್ತಿ ಬಿಡುವುದು. ಮುಖ ಪೂರ್ತಿ ಮುಚ್ಚುವ ದೊಡ್ಡ ಮಾಸ್ಕುಗಳನ್ನು ನಾನು ನನ್ನ ಬ್ಯಾಚಿಗೆ ಬಿಡುವುದಿಲ್ಲ. ಕವಾಟ ಕೆಟ್ಟರೆ ಬಿಟ್ಟ ಗಾಳಿ ಒಳಗೇ ಸುತ್ತುತ್ತದೆ, ಗಾಬರಿಯಲ್ಲಿ ತಟ್ಟನೆ ಕಿತ್ತು ತೆಗೆಯಲೂ ಬರುವುದಿಲ್ಲ.

ತಯಾರಿ ಮನೆಯಲ್ಲೇ ಶುರು. ಮಾಸ್ಕ್, ನಳಿಗೆ ಹಾಕಿಕೊಂಡು ಹತ್ತು ನಿಮಿಷ ಕೂತಿರಿ. ಮಾರನೇ ದಿನ ದೊಡ್ಡ ಟಬ್ಬಿನಲ್ಲಿ ನೀರು ತುಂಬಿ ಮುಖ ಇಟ್ಟು ಉಸಿರಾಡಿ. ಆಮೇಲೆ ಈಜುಕೊಳದ ಎದೆಮಟ್ಟದ ನೀರು. ಬೇಕೆಂದೇ ಮಾಸ್ಕಿನೊಳಗೆ ಸ್ವಲ್ಪ ನೀರು ಬಿಟ್ಟುಕೊಂಡು, ಮೇಲಂಚು ಹಣೆಗೆ ಒತ್ತಿ, ಮೂಗಿನಿಂದ ಜೋರಾಗಿ ಉಸಿರು ಬಿಟ್ಟು ಹೊರಗೆ ಹಾಕುವುದನ್ನು ಇಪ್ಪತ್ತು ಸಲ ಮಾಡಿಸುತ್ತೇನೆ. ನಳಿಗೆಗೆ ನೀರು ಬಂದರೆ "ತೂ" ಎಂದು ಒಂದೇ ಉಸಿರಿಗೆ ಊದಿ ತೆಗೆಯುವುದು. ತಳ ಮುಟ್ಟದೆ ಹತ್ತು ನಿಮಿಷ ತೇಲಿದರೆ ಪಾಸು. ಆರು ದಿನ ಸಾಕು ಹೆಚ್ಚಿನವರಿಗೆ. ಸಮುದ್ರದ ನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಭಾರ, ಹಾಗಾಗಿ ಕೊಳದಲ್ಲಿ ತೇಲಿದವರು ಅಲ್ಲಿ ಇನ್ನೂ ಸುಲಭವಾಗಿ ತೇಲುತ್ತಾರೆ. ಬಿ.ಪಿ., ಹೃದಯದ ತೊಂದರೆ, ದಮ್ಮು ಇದ್ದವರು ಡಾಕ್ಟರನ್ನು ಕೇಳಿಯೇ ಬನ್ನಿ. ಜೀವರಕ್ಷಕ ಜಾಕೆಟ್ ಎಲ್ಲರಿಗೂ, ಈಜು ಬಂದವರಿಗೂ. ಒಬ್ಬರೇ ಇಳಿಯುವುದು ಎಂದೆಂದಿಗೂ ಬೇಡ.

ಬಟ್ಟೆ: ತುಂಬುತೋಳಿನ ಬಿಗಿ ಅಂಗಿ, ಲೆಗ್ಗಿಂಗ್ಸ್. ದುಪಟ್ಟಾ, ಸಡಿಲ ಚೂಡಿದಾರ ಕಾಲಿಗೆ ಸುತ್ತಿಕೊಳ್ಳುತ್ತವೆ. ಮಕಾಡೆ ತೇಲುವಾಗ ಬೆನ್ನು ಸುಟ್ಟುಹೋಗುವುದು ಗೊತ್ತೇ ಆಗುವುದಿಲ್ಲ, ಅಂಗಿ ಅದನ್ನು ತಡೆಯುತ್ತದೆ, ಸನ್‌ಸ್ಕ್ರೀನ್ ಕ್ರೀಮಿನ ಖರ್ಚೂ ಉಳಿಯುತ್ತದೆ. ಕ್ರೀಮಿನಲ್ಲಿರುವ ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಹವಳಕ್ಕೆ ಹಾನಿ ಎಂಬ ಕಾರಣಕ್ಕೆ 2021ರಿಂದ ಹವಾಯಿಯಲ್ಲಿ ಅಂಥ ಕ್ರೀಮುಗಳ ಮಾರಾಟವೇ ಬಂದ್ ಆಗಿದೆ. ಮುಖಕ್ಕೆ ಬೇಕೇ ಬೇಕೆಂದರೆ ಜಿಂಕ್ ಆಕ್ಸೈಡಿನದ್ದು ಹಚ್ಚಿ.

ಹವಳದ ಮೇಲೆ ನಿಲ್ಲಬೇಡಿ, ಹಿಡಿಯಬೇಡಿ. ಬೆರಳಿನ ಗಾತ್ರದ ಟೊಂಗೆ ಬೆಳೆಯಲಿಕ್ಕೆ ವರ್ಷ ಹಿಡಿಯುತ್ತದೆ, ಬಂಡೆಯಂಥ ದುಂಡು ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. 2024ರಲ್ಲಿ ಸಮುದ್ರ ಕಾದು ಲಕ್ಷದ್ವೀಪದ ಹವಳಗಳು ಬೆಳ್ಳಗಾದವು. ಬಿಸಿಗೆ ಹವಳ ತನ್ನೊಳಗಿನ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ, ಉಪವಾಸ ಬೀಳುತ್ತದೆ. ನೀರು ಬೇಗ ತಣ್ಣಗಾದರೆ ಚೇತರಿಸಿಕೊಳ್ಳುತ್ತದೆ. ಹಾಗೆ ಚೇತರಿಸಿಕೊಳ್ಳುತ್ತಿರುವ ಜೀವದ ಮೇಲೆ ನಮ್ಮ ಕಾಲು ಬೀಳಬಾರದು. ದಂಡೆಯಲ್ಲಿ ಬಿದ್ದ ಸತ್ತ ಹವಳದ ತುಂಡನ್ನೂ ಚೀಲಕ್ಕೆ ಹಾಕಬೇಡಿ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಮಕ್ಕಳಿಗೆ ನೆನಪಿಗೇನಾದರೂ ಬೇಕೆಂದರೆ ಗಿಣಿಮೀನು ಹುಡುಕಲು ಹೇಳಿ. ಗಿಣಿಯ ಕೊಕ್ಕಿನಂಥ ಹಲ್ಲಿನಿಂದ ಹವಳದ ಬಂಡೆ ಕೆರೆಯುವ ಶಬ್ದ ನೀರೊಳಗೆ ಕಟಕಟ ಕೇಳಿಸುತ್ತದೆ. ಹಾಗೆ ತಿಂದದ್ದೇ ಅದರ ಹೊಟ್ಟೆಯಿಂದ ಬಿಳಿ ಮರಳಾಗಿ ಬೀಳುತ್ತದೆ. ನೀವು ನಿಂತ ದಂಡೆಯಲ್ಲಿ ಅಂಥ ಮರಳೂ ಸೇರಿದೆ.

ಬಂದ ಮೇಲೆ ಮಾಸ್ಕನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಸಿಲಿಕೋನ್ ಹಳದಿಯಾಗಿ ಬಿರುಸಾಗುತ್ತದೆ. ನಮ್ಮ ಬ್ಯಾಚಿನಲ್ಲಿ ಈಗ ದೊಡ್ಡವರ ಹನ್ನೊಂದು, ಮಕ್ಕಳ ನಾಲ್ಕು ಮಾಸ್ಕ್‌ಗಳಿವೆ. ಹೋಗಿ ಬಂದವರು ತೊಳೆದು ಕೊಳದ ಕಪಾಟಿನಲ್ಲಿಡುತ್ತಾರೆ, ಮುಂದೆ ಹೋಗುವವರು ತೆಗೆದುಕೊಳ್ಳುತ್ತಾರೆ. ಬೈಲಹೊಂಗಲದ ಆ ತಾಯಿ-ಮಗಳು ಆರು ವಾರದಿಂದ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದಾರೆ. ಮಗಳು ಹತ್ತು ನಿಮಿಷ ತೇಲಿ ಪಾಸಾದಳು, ತಾಯಿ ಏಳಕ್ಕೆ ಬಂದಿದ್ದಾರೆ. ಫೆಬ್ರವರಿಯ ಅಷ್ಟಮಿಗೆ ಶಹೀದ್ ದ್ವೀಪಕ್ಕೆ ಟಿಕೆಟ್ ನೋಡುತ್ತಿದ್ದಾರೆ. ಎರಡು ಮಾಸ್ಕ್ ಅವರ ಹೆಸರಿಗೆ ಎತ್ತಿಟ್ಟಿದ್ದೇನೆ.